ಸಾಲದ ಲೆಕ್ಕ, ಋಣದ ಲೆಕ್ಕ

ಕೊಟ್ಟು ತೆಗೆದುಕೊಳ್ಳುವ ವ್ಯವಹಾರವನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ನೆರೆಮನೆಯಿಂದ ಒಂದು ಪಾವು ಸಕ್ಕರೆ ತಂದರೆ ಅದು ಕಡ. ಮದುವೆಯ ದಿನಕ್ಕೆಂದು ಜಮಖಾನೆ ತಂದರೆ ಎರವಲು. ತಿಂಗಳ ಕೊನೆಯಲ್ಲಿ ಬಡ್ಡಿಯಿಲ್ಲದೆ, ಪತ್ರವಿಲ್ಲದೆ ಸ್ನೇಹಿತನಿಂದ ಪಡೆದದ್ದು ಕೈಗಡ. ಬಡ್ಡಿ, ಪತ್ರ, ಸಾಕ್ಷಿಗಳೊಡನೆ ತಂದದ್ದು ಸಾಲ. ಇವೆಲ್ಲವನ್ನೂ ದಾಟಿ ಋಣವೆಂಬುದೊಂದು ಉಂಟು. ಸಾಲವನ್ನು ತೀರಿಸಿದೆನೆಂದು ಯಾರೂ ಹೇಳಬಹುದು. ಹೆತ್ತವರ ಋಣವನ್ನೋ ಉಂಡ ಅನ್ನದ ಋಣವನ್ನೋ ತೀರಿಸಿದೆನೆಂದು ಎದೆ ತಟ್ಟಿ ಹೇಳಿದವರನ್ನು ನಾವು ಕಾಣೆವು. ನಮ್ಮ ಶಾಸನಗಳಲ್ಲಿ ಜೋಳವಾಳಿಗಾಗಿ ಪ್ರಾಣ ಕೊಟ್ಟ ವೀರರು ತೀರಿಸಹೊರಟದ್ದು ಯಾವ ಖಾತೆಯಲ್ಲಿಯೂ ಬರೆದಿರದ ಬಾಕಿಯನ್ನು. ಜರ್ಮನ್ ಭಾಷೆಗೆ ಈ ಸೌಕರ್ಯವಿಲ್ಲ. ಅಲ್ಲಿ ‘ಶುಲ್ಡ್’ ಎಂಬ ಒಂದೇ ಮಾತು ಸಾಲಕ್ಕೂ ಸಲ್ಲುತ್ತದೆ, ಅಪರಾಧಕ್ಕೂ ಸಲ್ಲುತ್ತದೆ. ಆ ನುಡಿಯನ್ನಾಡುವ ದೇಶ ಸಾಲವನ್ನು ಕಂಡು ಹೆದರಿದ್ದರ ಫಲವೇನಾಯಿತೆಂಬುದನ್ನು ಮುಂದೆ ನೋಡೋಣ.

ಪದಗಳ ಈ ವಿಚಾರ ನನ್ನಲ್ಲಿ ಮೂಡಿದ್ದು ನಿಘಂಟನ್ನು ತೆರೆದಾಗ ಅಲ್ಲ, ರಾಜ್ಯ ಸರ್ಕಾರದ ಮುಂಗಡ ಪತ್ರವನ್ನು ಓದುತ್ತಿದ್ದಾಗ. ಅರ್ಥಶಾಸ್ತ್ರಜ್ಞರ ಹೊಲಕ್ಕೆ ಕನ್ನಡ ಮೇಷ್ಟರ ಎತ್ತು ನುಗ್ಗಿತೆಂದು ಯಾರಾದರೂ ಆಕ್ಷೇಪಿಸಿಯಾರು. ಆ ಹೊಲಕ್ಕೆ ಹಾಯುವ ನೀರು ನಮ್ಮೆಲ್ಲರ ತೆರಿಗೆಯದಾದುದರಿಂದ ಬೇಲಿಯ ಬಳಿ ನಿಂತು ನೋಡುವ ಅಧಿಕಾರವಾದರೂ ನಮಗುಂಟು.

ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಅಧಿನಿಯಮವೊಂದನ್ನು ಮಾಡಿತು. ಕೇಂದ್ರ ಸರ್ಕಾರ ಇಂಥದೇ ಕಾಯಿದೆಯನ್ನು ಮಾಡಿದ್ದು ಅದಾದ ಮೇಲೆ, 2003ರಲ್ಲಿ. ಆ ಮಟ್ಟಿಗೆ ನಾವು ಮೇಲ್ಪಂಕ್ತಿ. ಅದರ ತಿರುಳು ಮೂರು ಮಾತುಗಳಲ್ಲಿದೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಮೊದಲಾದ ದಿನನಿತ್ಯದ ಖರ್ಚು ದಿನನಿತ್ಯದ ವರಮಾನವನ್ನು ಮೀರಬಾರದು, ಎಂದರೆ ರಾಜಸ್ವ ಕೊರತೆ ಇರಕೂಡದು. ವಿತ್ತೀಯ ಕೊರತೆ, ಎಂದರೆ ಸ್ಥೂಲವಾಗಿ ಆಯಾ ವರ್ಷದ ಹೊಸ ಸಾಲ, ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ 3ರೊಳಗಿರಬೇಕು. ಹಳೆಯದು, ಹೊಸದು ಎಲ್ಲ ಸೇರಿದ ಹೊರೆ ನೂರಕ್ಕೆ 25ನ್ನು ದಾಟಕೂಡದು. ಈ ಕಟ್ಟಳೆ ಆಕಾಶದಿಂದ ಇಳಿದದ್ದಲ್ಲ. 1990ರ ದಶಕದ ಕೊನೆಗೆ ರಾಜ್ಯದ ಬೊಕ್ಕಸ ಎಂಥ ದುಃಸ್ಥಿತಿಗೆ ಬಂದಿತ್ತೆಂದರೆ, 2000ದಲ್ಲಿ ಸರ್ಕಾರವೇ ಹಣಕಾಸಿನ ಸ್ಥಿತಿಯನ್ನು ಕುರಿತು ಶ್ವೇತಪತ್ರವನ್ನು ಹೊರಡಿಸಬೇಕಾಯಿತು. ಅದಕ್ಕೂ ಹಿಂದೆ, 1991ರಲ್ಲಿ, ಭಾರತ ಸರ್ಕಾರ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಒತ್ತೆಯಿಟ್ಟದ್ದನ್ನು ನನ್ನ ವಯಸ್ಸಿನವರು ಶಾಲೆಯ ದಿನಗಳಲ್ಲಿ ಕೇಳಿದ್ದೇವೆ. ಚುನಾವಣೆ ಹತ್ತಿರ ಬಂದಾಗ ಮಂತ್ರಿಗಳ ಕೈ ಎಷ್ಟು ಧಾರಾಳವಾಗುತ್ತದೆಂಬುದನ್ನು ಬಲ್ಲವರು ಲಗಾಮು ಬೇಡವೆಂದು ಹೇಳಲಾರರು. ಕಾಯಿದೆಯಾದ ಮೇಲೆ, 2004-05ರಿಂದ ಸುಮಾರು ಒಂದೂವರೆ ದಶಕದ ಕಾಲ ರಾಜಸ್ವ ಖಾತೆಯಲ್ಲಿ ಕರ್ನಾಟಕ ಉಳಿತಾಯವನ್ನೇ ತೋರಿಸಿತು. 2020ರ ಸಾಂಕ್ರಾಮಿಕ ಆ ಸರಣಿಯನ್ನು ಮುರಿಯಿತು.

2025-26ರ ಮುಂಗಡ ಪತ್ರದಲ್ಲಿ ಕಂಡ ಅಂಕಿಗಳಿವು: ಒಟ್ಟು ಗಾತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿ, ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ ನೂರಕ್ಕೆ 2.95, ಒಟ್ಟು ಹೊರೆ ನೂರಕ್ಕೆ 24.91. ಮೊದಲನೆಯ ಗೆರೆ ದಾಟಿಹೋಗಿದೆ. ಉಳಿದೆರಡು ಗೆರೆಗಳಿಗೆ ಕೂದಲೆಳೆಯಷ್ಟು ಅಂತರವಿದೆ. ಸಂಖ್ಯೆಗಳು ಇಷ್ಟು ಮಡಿಯಿಂದ ಗೆರೆಯೊಳಗೆ ನಿಂತಿರುವುದನ್ನು ಕಂಡಾಗ, ಪದ್ಯ ಬರೆದ ಮೇಲೆ ಛಂದಸ್ಸು ಕೂಡಿಬಂತೋ, ಛಂದಸ್ಸಿಗೆಂದೇ ಪದ್ಯವನ್ನು ಹೊಸೆದರೋ ಎಂಬ ನಮ್ಮ ಕಸುಬಿನ ಸಂಶಯ ಏಳುವುದು ಸಹಜ.

ಅದಂತಿರಲಿ. ಈ ‘3’ ಎಲ್ಲಿಂದ ಬಂತು? ಶತಶತಮಾನಗಳ ಅನುಭವದಿಂದ ಕಡೆದು ತೆಗೆದ ನವನೀತವೆಂದು ಭಾವಿಸಿದ್ದವರಿಗೆ ಇದರ ಪೂರ್ವಕಥೆ ನಿರಾಶೆಯನ್ನುಂಟುಮಾಡುತ್ತದೆ. 1981ರಲ್ಲಿ ಫ್ರಾನ್ಸಿನಲ್ಲಿ ಮಿತ್ತೆರಾಂ ಅಧ್ಯಕ್ಷರಾದ ಹೊಸತರಲ್ಲಿ, ಖರ್ಚು ಕೇಳಿಕೊಂಡು ಬರುವ ಮಂತ್ರಿಗಳ ಬಾಯಿ ಕಟ್ಟುವುದಕ್ಕೆ ಸುಲಭವಾದ ಒಂದು ಸೂತ್ರ ಬೇಕಾಯಿತಂತೆ. ಹಣಕಾಸು ಇಲಾಖೆಯ ಗೀ ಅಬೆಯ್ ಎಂಬ ತರುಣ ಅಧಿಕಾರಿಯೂ ಅವರ ಸಹೋದ್ಯೋಗಿಯೂ ಕುಳಿತು ಅವಸರದಲ್ಲಿ ಕಂಡುಹಿಡಿದದ್ದು ನೂರಕ್ಕೆ 3. ಅದರ ಹಿಂದೆ ಸಿದ್ಧಾಂತವೇನೂ ಇರಲಿಲ್ಲವೆಂದು ಅಬೆಯ್ ಅವರೇ ಬಹುಕಾಲದ ಮೇಲೆ ಪತ್ರಿಕೆಗಳಿಗೆ ತಿಳಿಸಿದರು. 1992ರ ಮಾಸ್ಟ್ರಿಕ್ಟ್ ಒಪ್ಪಂದದ ಮೂಲಕ ಆ ಅಂಕಿ ಯೂರೋಪಿಗೆಲ್ಲ ಶಾಸನವಾಯಿತು. ದಶಕದ ಮೇಲೆ ನಮ್ಮ ಕಾಯಿದೆಗಳಲ್ಲಿಯೂ ಅದೇ 3 ಬಂದು ಕುಳಿತಿತು. ಮೂರು ಲೋಕ, ಮೂರು ಕಾಲ, ಮೂರು ಗುಣಗಳ ನಾಡಿನಲ್ಲಿ ಅದಕ್ಕೆ ಆತಿಥ್ಯ ದೊರೆತದ್ದು ಆಶ್ಚರ್ಯವಲ್ಲ.

ಸಾಲ ಹೆಚ್ಚಿದರೆ ದೇಶದ ಬೆಳವಣಿಗೆ ಕುಗ್ಗುತ್ತದೆಂಬುದಕ್ಕೆ ಒಮ್ಮೆ ಪ್ರಬಲವಾದ ಪ್ರಮಾಣವೊಂದು ಪ್ರಚಾರದಲ್ಲಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಪ್ರಸಿದ್ಧ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಾಲವು ದೇಶದ ಉತ್ಪನ್ನದ ನೂರಕ್ಕೆ 90ನ್ನು ದಾಟಿದ ಕಡೆ ಬೆಳವಣಿಗೆ ಸರಾಸರಿಯಲ್ಲಿ ಸೊನ್ನೆಗಿಂತ ತುಸು ಕೆಳಗಿಳಿಯುತ್ತದೆಂದು ತೋರಿಸಿದ್ದರು. ಯೂರೋಪಿನ ಮಂತ್ರಿಗಳು ಆ ಲೇಖನವನ್ನು ಮುಂದೆ ಹಿಡಿದು ಖರ್ಚು ಕಡಿತವನ್ನು ಸಮರ್ಥಿಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮತ್ತೆ ಮಾಡಹೊರಟಾಗ ಉತ್ತರ ಕೂಡಿಬರಲಿಲ್ಲ. ಮೂಲ ಲೆಕ್ಕವನ್ನೇ ತರಿಸಿ ನೋಡಿದರೆ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಲೆಕ್ಕದ ಕ್ರಮದಲ್ಲಿ ಬೇರೆ ಆಕ್ಷೇಪಗಳೂ ಇದ್ದವು. ಆ ವಿದ್ಯಾರ್ಥಿಯೂ ಅವನ ಇಬ್ಬರು ಅಧ್ಯಾಪಕರೂ ತಿದ್ದಿದ ಲೆಕ್ಕದಲ್ಲಿ ಬೆಳವಣಿಗೆ ನೂರಕ್ಕೆ 2.2. ಹಸ್ತಪ್ರತಿಯಲ್ಲಿ ಲಿಪಿಕಾರನು ಒಂದು ಪಂಕ್ತಿಯನ್ನು ಬಿಟ್ಟರೆ ಕಾವ್ಯದ ಅರ್ಥ ಹೇಗೆ ಪಲ್ಲಟವಾಗುತ್ತದೆಂದು ಪಾಠ ಹೇಳುವ ನನ್ನಂಥವನಿಗೆ ಈ ಪ್ರಸಂಗ ಅಚ್ಚುಮೆಚ್ಚು. ಹಾಗೆಂದ ಮಾತ್ರಕ್ಕೆ ಸಾಲದಿಂದ ಕೇಡಿಲ್ಲವೆಂದು ಸಿದ್ಧವಾಗಲಿಲ್ಲ. ತಿದ್ದಿದ ಲೆಕ್ಕದಲ್ಲಿಯೂ ಹೆಚ್ಚು ಸಾಲದ ದೇಶಗಳು ತುಸು ನಿಧಾನವಾಗಿಯೇ ಬೆಳೆದಿದ್ದವು. ಸಾಲದಿಂದ ಬೆಳವಣಿಗೆ ಕುಂದಿತೋ, ಬೆಳವಣಿಗೆ ಕುಂದಿದ್ದರಿಂದ ಸಾಲ ಹೆಚ್ಚಿತೋ ಎಂಬುದು ಇನ್ನೂ ಚರ್ಚೆಯ ವಿಷಯ. ಇಷ್ಟನ್ನು ದಾಟಿದರೆ ಪ್ರಪಾತ ಎಂದು ಎಲ್ಲ ದೇಶಗಳಿಗೂ ಒಂದೇ ಗೆರೆ ಎಳೆಯುವುದು ಮಾತ್ರ ಆ ಮೇಲೆ ಕಷ್ಟವಾಯಿತು.

ನಮ್ಮ ಕಾಯಿದೆಯ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಹೊರಗೆ ಕಾಣದ ಒಂದು ಕರಾರು ಕಾಣಿಸುತ್ತದೆ. ಪ್ರತಿವರ್ಷ ನೂರಕ್ಕೆ 3ರಂತೆ ಸಾಲ ಮಾಡುತ್ತ ಹೋಗಬೇಕು, ಒಟ್ಟು ಹೊರೆ ಮಾತ್ರ ನೂರಕ್ಕೆ 25ರಲ್ಲಿಯೇ ನಿಲ್ಲಬೇಕು. ಇದು ಸಾಧ್ಯವಾಗಬೇಕಾದರೆ, ಬೆಲೆಯೇರಿಕೆಯೂ ಸೇರಿ, ರಾಜ್ಯದ ಉತ್ಪನ್ನ ವರ್ಷಕ್ಕೆ ನೂರಕ್ಕೆ ಹದಿಮೂರೂವರೆಯಷ್ಟು ಬೆಳೆಯುತ್ತಲೇ ಇರಬೇಕು. ಹತ್ತರಂತೆ ಬೆಳೆದರೆ, ಗೆರೆ ದಾಟದೆ ಸಾಲ ಮಾಡಿಯೂ ಹೊರೆ ಕಾಲಕ್ರಮದಲ್ಲಿ 33ಕ್ಕೆ ಹೋಗಿ ಮುಟ್ಟುತ್ತದೆ. ಎಂದ ಮೇಲೆ ಈ ಕಟ್ಟಳೆ ನಿಂತಿರುವುದು ಮಿತವ್ಯಯದ ಮೇಲಷ್ಟೇ ಅಲ್ಲ, ಬೆಳವಣಿಗೆಯ ನಂಬಿಕೆಯ ಮೇಲೆ. ಕಟ್ಟಳೆಯನ್ನು ಪಾಲಿಸುವ ಭರದಲ್ಲಿ ಬೆಳವಣಿಗೆಯ ಬೇರನ್ನೇ ಕತ್ತರಿಸಿದರೆ ಕಟ್ಟಳೆಯೂ ಉಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬೆಳೆದು ನಿಂತವನಿಗೆ ಹೇಳಿದ್ದು. ಬೆಳೆಯುವ ಹುಡುಗನಿಗೆ ಅದನ್ನೇ ಹೇಳುತ್ತ ಹಳೆಯ ತೊಟ್ಟಿಲಲ್ಲಿ ಮಲಗಿಸಿದ ತಾಯಿಯನ್ನು ಯಾರೂ ಜಾಣೆಯೆನ್ನರು.

ಬೆಳವಣಿಗೆಯ ಬೇರು ಎಲ್ಲಿದೆ ಎಂಬುದಕ್ಕೆ ಹೊರಗೆ ಹುಡುಕಬೇಕಾಗಿಲ್ಲ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಯೋಜನೆಯನ್ನು ವಿಶ್ವೇಶ್ವರಯ್ಯನವರು ಮುಂದಿಟ್ಟಾಗ ಮೈಸೂರು ಸಂಸ್ಥಾನದ ಹಣಕಾಸಿನವರು ವಿರೋಧಿಸಿದರು. ಅಷ್ಟು ವಿದ್ಯುತ್ತನ್ನು ಕೊಳ್ಳುವವರೆಲ್ಲಿದ್ದಾರೆ ಎಂಬ ಅವರ ಪ್ರಶ್ನೆ ಮೂರ್ಖರ ಪ್ರಶ್ನೆಯಲ್ಲ. ಆ ವರ್ಷದ ಲೆಕ್ಕದಲ್ಲಿ ಕೊಳ್ಳುವವರು ನಿಜವಾಗಿಯೂ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತೆ ಪರಿಶೀಲಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಕೊಟ್ಟರು. ಕಟ್ಟೆಯ ಕೆಲಸ ಮುಗಿಯುವುದಕ್ಕೆ ಎರಡು ದಶಕ ಹಿಡಿಯಿತು. 1933ರ ಹೊತ್ತಿಗೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು; 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಮುಂಗಡ ಪತ್ರ ಹನ್ನೆರಡು ತಿಂಗಳ ಮಾತು. ಕಾಲುವೆಯ ನೀರು ಗದ್ದೆಯಾಗಿ, ಗದ್ದೆ ಕಬ್ಬಾಗಿ, ಕಬ್ಬು ಊರಾಗುವುದು ಒಂದು ತಲೆಮಾರಿನ ಮಾತು. ಹನ್ನೆರಡು ತಿಂಗಳ ಅಳತೆಗೋಲಿನಿಂದ ಒಂದು ತಲೆಮಾರನ್ನು ಅಳೆಯುವವನಿಗೆ ಕನ್ನಂಬಾಡಿ ಯಾವಾಗಲೂ ದುಂದುವೆಚ್ಚವೇ.

ಉತ್ತರದ ಕೃಷ್ಣಾ ಕೊಳ್ಳದ ಕಥೆ ಇದಕ್ಕಿಂತ ತೊಡಕಿನದು, ಆದ್ದರಿಂದಲೇ ಹೆಚ್ಚು ಬೋಧಪ್ರದ. ಬಚಾವತ್ ನ್ಯಾಯಾಧಿಕರಣ ಕರ್ನಾಟಕಕ್ಕೆ ಹಂಚಿದ ನೀರಿನ ಪಾಲು 2000ದ ಮೇ 31ರ ನಂತರ ಮತ್ತೆ ವಿಮರ್ಶೆಗೆ ಬರಬಹುದಾಗಿತ್ತು. ಅಷ್ಟರೊಳಗೆ ಕಟ್ಟೆ ಕಾಲುವೆಗಳನ್ನು ಕಟ್ಟಿಕೊಳ್ಳದಿದ್ದರೆ ಕಾಗದದ ಮೇಲಿನ ಪಾಲು ಕಾಗದದ ಮೇಲೆಯೇ ಉಳಿದೀತೆಂಬ ಭಯವಿತ್ತು. ಸರ್ಕಾರದ ಬಳಿ ಹಣವಿರಲಿಲ್ಲ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸ್ಥಾಪಿಸಿ, ಅದರ ಹೆಸರಿನಲ್ಲಿ ಸಾಲಪತ್ರಗಳನ್ನು ಹೊರಡಿಸಿ, ಆಲಮಟ್ಟಿ ನಾರಾಯಣಪುರಗಳ ಕೆಲಸವನ್ನು ಮುಂದೂಡದೆ ನಡೆಸಿದರು. ಮುಂಗಡ ಪತ್ರದ ಹೊರಗೆ ತಂದ ಈ ಸಾಲದ ಅಸಲು ಬಡ್ಡಿಗಳ ಭಾರ ಕೊನೆಗೆ ಬೊಕ್ಕಸದ ಹೆಗಲಿಗೇ ಬಂತು; ನಾನು ಮೇಲೆ ಹೇಳಿದ ದುಃಸ್ಥಿತಿಗೆ ಅದೂ ಒಂದು ಕಾರಣ. ಸಾಲ ತಂದ ರೀತಿಯನ್ನು ಹಣಕಾಸಿನವರು ಆಕ್ಷೇಪಿಸಿದರೆ ನಾನು ಅವರ ಪಕ್ಷ. ಆ ಸಾಲ ಏತಕ್ಕೆಂದು ಕೇಳಿದರೆ ನಾನು ಕಾಲುವೆಯ ಪಕ್ಷ. ಮನೆ ಹೊಲಗಳನ್ನು ನೀರಿಗೆ ಒಪ್ಪಿಸಿ ಎದ್ದು ಹೋದ ಮುಳುಗಡೆಯ ಊರುಗಳ ಜನಕ್ಕೆ ನಾಡು ಪಟ್ಟ ಋಣ ಯಾವ ಸಾಲಪತ್ರದಲ್ಲಿಯೂ ಇಲ್ಲವೆಂಬುದನ್ನು ಇಲ್ಲಿಯೇ ನೆನೆದು ಮುಂದೆ ಸಾಗುತ್ತೇನೆ.

ಈಗ ಜರ್ಮನಿಗೆ ಬರೋಣ. ಸಾಲಕ್ಕೂ ಅಪರಾಧಕ್ಕೂ ಒಂದೇ ಹೆಸರಿಟ್ಟ ಆ ದೇಶ 2009ರಲ್ಲಿ ತನ್ನ ಸಂವಿಧಾನಕ್ಕೇ ‘ಸಾಲದ ತಡೆ’ಯನ್ನು ಸೇರಿಸಿತು. ಸಾಮಾನ್ಯ ಕಾಲದಲ್ಲಿ ಒಕ್ಕೂಟ ಸರ್ಕಾರದ ಹೊಸ ಸಾಲ ಉತ್ಪನ್ನದ ನೂರಕ್ಕೆ 0.35ನ್ನು ಮೀರಕೂಡದು, ನಮ್ಮ 3ರ ಮುಂದೆ ಇದು ಏಕಾದಶಿ. ವ್ರತ ಫಲಿಸಿತು. 2010ರಲ್ಲಿ ನೂರಕ್ಕೆ 80ರಷ್ಟಿದ್ದ ಸಾಲ 2019ಕ್ಕೆ 60ರ ಕೆಳಗಿಳಿಯಿತು. ಆ ವರ್ಷಗಳಲ್ಲಿ ಜರ್ಮನ್ ಸರ್ಕಾರಕ್ಕೆ ಸಾಲ ಕೊಡುವವರು ಕೇಳುತ್ತಿದ್ದ ಬಡ್ಡಿ ಅತ್ಯಲ್ಪ, ಕೆಲವು ಕಾಲ ಸೊನ್ನೆಗಿಂತಲೂ ಕಡಿಮೆ. ಬಡ್ಡಿಯಿಲ್ಲದೆ ಹಣ ಸಿಗುತ್ತಿದ್ದಾಗ ಸೇತುವೆಗಳನ್ನು ಹೊಸದಾಗಿ ಕಟ್ಟದೆ ಬಿಟ್ಟರು. 1960ರ ದಶಕದಲ್ಲಿ ಕಟ್ಟಿದ ರಾಮೆಡೆ ಕಣಿವೆಯ ಹೆದ್ದಾರಿ ಸೇತುವೆ ಭಾರ ತಾಳದೆಂದು 2021ರ ಡಿಸೆಂಬರಿನಲ್ಲಿ ಮುಚ್ಚಬೇಕಾಯಿತು. 2023ರಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು. ಹೆದ್ದಾರಿಯ ಲಾರಿಗಳೆಲ್ಲ ಲ್ಯೂಡೆನ್‌ಷೈಡ್ ಎಂಬ ಸಣ್ಣ ಪಟ್ಟಣದ ಬೀದಿಗಳಿಗೆ ನುಗ್ಗಿದವು. ಕೊನೆಗೆ 2025ರ ಮಾರ್ಚಿಯಲ್ಲಿ ಸಂವಿಧಾನವನ್ನು ಮತ್ತೆ ತಿದ್ದಿ, ರಸ್ತೆ, ರೈಲು, ಸೇತುವೆ ಮೊದಲಾದುವಕ್ಕೆಂದು 50,000 ಕೋಟಿ ಯೂರೋಗಳ ವಿಶೇಷ ನಿಧಿಯನ್ನು ಸಾಲದಿಂದಲೇ ಕಟ್ಟಿಕೊಳ್ಳಲು ಅವಕಾಶ ಮಾಡಿಕೊಂಡರು. ಅಷ್ಟು ಹೊತ್ತಿಗೆ ಬಡ್ಡಿ ಏರಿತ್ತು. ಅಗ್ಗದ ಕಾಲದಲ್ಲಿ ಮಾಡದ ಸಾಲವನ್ನು ತುಟ್ಟಿಯ ಕಾಲದಲ್ಲಿ ಮಾಡುವುದಕ್ಕೆ ಮಿತವ್ಯಯವೆಂದು ಹೆಸರಿಡಬಹುದಾದರೆ ಇಡಲಿ.

ಬಂಡವಾಳಕ್ಕೆ ಸಾಲ ಮಾಡಿ, ದಿನದ ಖರ್ಚಿಗೆ ಮಾಡಬೇಡಿ ಎಂದು ಕಾಯಿದೆಯೇ ಹೇಳುತ್ತದಲ್ಲ ಎಂದು ಹಣಕಾಸು ಬಲ್ಲವರು ಇಲ್ಲಿ ನನ್ನನ್ನು ತಡೆಯಬಹುದು. ರಾಜಸ್ವ ಕೊರತೆ ಇರಕೂಡದೆಂಬುದರ ಅರ್ಥ ಅದೇ. ವಾದ ಸರಿ; ತೊಡಕಿರುವುದು ‘ಬಂಡವಾಳ’ವೆಂಬ ಪದದ ಅರ್ಥದಲ್ಲಿ, ಅದು ನನ್ನ ಹೊಲ. ಲೆಕ್ಕದ ಪುಸ್ತಕದಲ್ಲಿ ಕಲ್ಲು, ಕಬ್ಬಿಣ, ಗಾರೆಗಳಿಂದ ಆದದ್ದು ಬಂಡವಾಳ. ಮನುಷ್ಯನಿಗೆ ಕೊಟ್ಟದ್ದು ವೆಚ್ಚ. ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸಿದರೆ ಅದು ಬಂಡವಾಳ. ಆ ಪ್ರತಿಮೆಯ ಮಹನೀಯರು ಯಾರೆಂದು ಮಕ್ಕಳಿಗೆ ತಿಳಿಸುವ ಮೇಷ್ಟರ ಸಂಬಳ ವೆಚ್ಚ. ಆಸ್ಪತ್ರೆಯ ಕಟ್ಟಡ ಬಂಡವಾಳ, ಅದರೊಳಗಿನ ದಾದಿ ವೆಚ್ಚ. ರಾಜಸ್ವ ಕೊರತೆಯನ್ನು ಇಳಿಸಬೇಕೆಂದಾಗ ಅತ್ಯಂತ ಸುಲಭವಾದ, ಸದ್ದಿಲ್ಲದ ಉಪಾಯವೆಂದರೆ ನಿವೃತ್ತರಾದವರ ಜಾಗವನ್ನು ತುಂಬದೆ ಬಿಡುವುದು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಯಾರೂ ಮೆರವಣಿಗೆ ಹೊರಡುವುದಿಲ್ಲ. ಕುರ್ಚಿ ಖಾಲಿಯಾಗುತ್ತದೆ, ಅಷ್ಟೆ.

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು. ಅತಿಥಿಯೆಂಬ ಮಾತಿಗೆ ತಿಥಿಯನ್ನು ನೋಡದೆ ಬರುವವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಇವರ ಪಾಲಿಗೆ ಸಂಭಾವನೆಯೇ ತಿಥಿಯನ್ನು ನೋಡದೆ ಬರುವ ಅತಿಥಿ. ನನಗೆ ಪರಿಚಿತರಾದ ಒಬ್ಬರು ಹದಿನಾಲ್ಕು ವರ್ಷಗಳಿಂದ ಹಳಗನ್ನಡ ಪಾಠ ಹೇಳುತ್ತಿದ್ದಾರೆ. ಪಂಪನನ್ನು ಅವರಷ್ಟು ಸೊಗಸಾಗಿ ಓದಬಲ್ಲವರು ಖಾಯಂ ಹುದ್ದೆಯಲ್ಲಿರುವ ನಮ್ಮಲ್ಲಿಯೇ ವಿರಳ. ಪ್ರತಿ ಬೇಸಗೆ ರಜೆಯಲ್ಲಿ ಅವರ ವರಮಾನ ನಿಲ್ಲುತ್ತದೆ. ಮಳೆಗಾಲದ ಮೊದಲಲ್ಲಿ ಮತ್ತೆ ಅರ್ಜಿ ಹಾಕುತ್ತಾರೆ. ಹೀಗೆ ಉಳಿಸಿದ ಹಣ ಮುಂಗಡ ಪತ್ರದಲ್ಲಿ ಕೊರತೆಯನ್ನು ಕಡಿಮೆಯಾಗಿ ತೋರಿಸುತ್ತದೆ. ಗಣಿತದ ಅಧ್ಯಾಪಕರಿಲ್ಲದೆ ಪದವಿ ಮುಗಿಸಿದ ಹಳ್ಳಿಯ ಹುಡುಗಿ ಮುಂದಿನ ನಲವತ್ತು ವರ್ಷ ಎಷ್ಟು ಕಡಿಮೆ ಗಳಿಸುತ್ತಾಳೆ, ಎಷ್ಟು ಕಡಿಮೆ ತೆರಿಗೆ ಕಟ್ಟುತ್ತಾಳೆ ಎಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ. ನಾವು ಅವಳಿಂದ ಸಾಲ ತೆಗೆದಿದ್ದೇವೆ. ಅವಳ ಕೈಯಲ್ಲಿ ಪತ್ರವಿಲ್ಲವಾದುದರಿಂದ ನೂರಕ್ಕೆ 25ರ ಗೆರೆಗೆ ಅದು ಸೇರಲಿಲ್ಲ.

ಹಾಗಾದರೆ ಮನುಷ್ಯನಿಗೆ ಕೊಟ್ಟದ್ದೆಲ್ಲ ಬಂಡವಾಳವೇ, ಗ್ಯಾರಂಟಿಗಳೂ ಬಂಡವಾಳವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಸಲ್ಲದು. 1876ರಿಂದ 78ರ ವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನ ನಡುಗಿಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಅದರೊಡನೆ ಬಂದದ್ದು ಆ ಬರಗಾಲ ತಂದ ಸುಮಾರು 80 ಲಕ್ಷ ರೂಪಾಯಿಯ ಸಾಲ. ಇಂದಿನ ವರ್ಗೀಕರಣದಲ್ಲಿ ಗಂಜಿಯ ಖರ್ಚು ಶುದ್ಧ ರಾಜಸ್ವ ವೆಚ್ಚ. ಆದರೂ ಆ ಗಂಜಿಯಿಂದ ಬದುಕುಳಿದವರ ಮಕ್ಕಳಲ್ಲವೆ ಮುಂದೆ ಕನ್ನಂಬಾಡಿಯ ಕಲ್ಲು ಹೊತ್ತವರು? ಆಪತ್ಕಾಲದ ಸಾಲವನ್ನು ತಪ್ಪೆಂದು ಹೇಳುವ ಕಟ್ಟಳೆ ಕಟ್ಟಳೆಯಲ್ಲ. ಆದರೆ ಬರಗಾಲ ಪ್ರತಿ ತಿಂಗಳ ಮೊದಲ ವಾರದಲ್ಲಿ ಬರುವುದಿಲ್ಲ. 2023ರಲ್ಲಿ ಆರಂಭವಾದ ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಇಟ್ಟ ಹಣ ಸುಮಾರು 51 ಸಾವಿರ ಕೋಟಿ. ಬಸ್ಸಿನ ಚೀಟಿಗೆ ಹಣ ಬೇಡವಾದ ಮೇಲೆ ತರಗತಿಗೆ ತಪ್ಪದೆ ಬರುವ ಹೆಣ್ಣುಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಅದನ್ನು ಪೋಲೆಂದು ಕರೆಯಲಾರೆ. ತಿಂಗಳು ತಿಂಗಳೂ ಕೊಡಬೇಕೆಂದು ನಿಶ್ಚಯಿಸಿದ್ದನ್ನು ತಿಂಗಳು ತಿಂಗಳೂ ಬರುವ ತೆರಿಗೆಯಿಂದ ಕೊಡಬೇಕು, ಆ ತೆರಿಗೆಯನ್ನು ಉಳ್ಳವರಿಂದ ಕೇಳುವ ಧೈರ್ಯ ಸರ್ಕಾರಕ್ಕೆ ಇರಬೇಕು ಎಂಬುದು ನನ್ನ ಮತ. ಕೊಡುವ ಕೀರ್ತಿ ಇಂದಿನವರಿಗೆ, ತೀರಿಸುವ ಕಷ್ಟ ನಾಳಿನವರಿಗೆ ಎಂಬ ಏರ್ಪಾಡಿಗೆ ದಾನವೆಂಬ ಹೆಸರು ಒಪ್ಪುವುದಿಲ್ಲ.

ನಮ್ಮ ಹಿಂದಿನವರು ಈ ವಿಷಯದಲ್ಲಿ ತೀರ ಅನನುಭವಿಗಳಾಗಿರಲಿಲ್ಲ. ಕೆರೆಯನ್ನು ಕಟ್ಟಿಸಿದ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನು ಕೆರೆಯ ರಕ್ಷಣೆಗೆಂದೇ ಬಿಟ್ಟುಕೊಡುವ ಪದ್ಧತಿ ಅದು. ಹೂಳೆತ್ತುವ ಬಂಡಿಗೆಂದು ಭೂಮಿ ಬಿಟ್ಟ ದಾಖಲೆಗಳೂ ಉಂಟು. ಕಟ್ಟುವ ದಿನವೇ ಕಾಪಾಡುವ ವೆಚ್ಚವನ್ನು ಗೊತ್ತುಮಾಡಿ ಕಲ್ಲಿನಲ್ಲಿ ಕೆತ್ತಿಬಿಡುತ್ತಿದ್ದರು. ಎಷ್ಟು ಖರ್ಚಾಯಿತೆಂಬುದನ್ನು ಬಹಳ ಶಾಸನಗಳು ಹೇಳುವುದೇ ಇಲ್ಲ. ನಮ್ಮ ಕಾಯಿದೆ ಇದಕ್ಕೆ ತಿರುಗುಮುರುಗು: ಎಷ್ಟು ಎಂಬುದನ್ನು ದಶಾಂಶದವರೆಗೆ ಹೇಳುತ್ತದೆ, ಹೂಳಿನ ಮಾತೆತ್ತುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಏಳು ದಶಕಗಳ ಹಿಂದಿನ ಉಕ್ಕು. ತುಂಬಿ ನಿಂತಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದ ಕೆಲಸಗಾರರ ಸಾಹಸವನ್ನು ನಾಡು ಕೊಂಡಾಡಿತು. ಆ ಅಣೆಕಟ್ಟು ಮೂರು ರಾಜ್ಯಗಳಿಗೆ ಸೇರಿದ ಮಂಡಳಿಯ ವಶದಲ್ಲಿರುವುದರಿಂದ ಹೊಣೆ ಯಾರದೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಹಿಂದಿನ ದಿನದವರೆಗೆ ಆ ಗೇಟಿನ ಮುಪ್ಪು ಯಾವ ರಾಜ್ಯದ ಮುಂಗಡ ಪತ್ರದಲ್ಲಿಯೂ ಹೊರೆಯಾಗಿ ಕಾಣಿಸಿರಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು.

ಮುಂಗಡ ಪತ್ರದೊಡನೆ ಮಧ್ಯಮಾವಧಿಯ ವಿತ್ತೀಯ ಯೋಜನೆಯನ್ನೂ ಶಾಸನಸಭೆಯ ಮುಂದಿಡಬೇಕೆಂದು 2002ರ ಕಾಯಿದೆ ವಿಧಿಸುತ್ತದೆ. ಆ ಯೋಜನೆಗೆ ಇನ್ನೊಂದು ಅನುಬಂಧವನ್ನು ಸೇರಿಸುವುದು ಹಣಕಾಸು ಇಲಾಖೆಗೆ ಕಷ್ಟವಲ್ಲ. ಯಾವ ಅಣೆಕಟ್ಟಿನ ಗೇಟಿಗೆ ಎಷ್ಟು ವಯಸ್ಸು, ಯಾವ ಸೇತುವೆಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಎಂದು, ಎಷ್ಟು ಕೆರೆಗಳಲ್ಲಿ ಹೂಳು ಎಷ್ಟು, ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಎಷ್ಟು ಹುದ್ದೆಗಳು ಎಷ್ಟು ವರ್ಷಗಳಿಂದ ಖಾಲಿ ಎಂಬ ಪಟ್ಟಿ. ಮಾರ್ಚಿ ತಿಂಗಳಲ್ಲಿ 24.91ರ ಪಕ್ಕದಲ್ಲಿ ಅದೂ ಅಚ್ಚಾಗಿ ಬರಲಿ. ಸದಸ್ಯರು ಎರಡನ್ನೂ ಒಟ್ಟಿಗೆ ಓದಿ ಚರ್ಚೆಗೆ ಏಳಲಿ.